ಸೇತುವೆಯ ಚಿತ್ರಗಳು

೨೦೧೭ನೆಯ ಇಸವಿಯ ಸೆಪ್ಟೆಂಬರ್ ೨೯ರಂದು ಬೆಳಿಗ್ಗೆ, ಪರೇಲ್ ಮತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳನ್ನು ಕೂಡಿಸುತ್ತಿದ್ದ ಪಾದಚಾರಿ ಸೇತುವೆಯ ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ ೨೩ ಜನ ಪ್ರಾಣ ತೆತ್ತರು. ಮಳೆ ನಿಲ್ಲಲೆಂದು ಕಾದು ನಿಂತ ಗುಂಪಿನಲ್ಲಿ ಯಾರೋ ‘ಫೂಲ್ ಗಿರ್ ಗಯಾ’ ಎಂದದ್ದು ‘ಪುಲ್ ಗಿರ್ ಗಯಾ’ ಎಂದು ಕೇಳಿಸಿತೆಂಬ ಮಾತು ಪತ್ರಿಕೆಗಳಲ್ಲಿ ಬಂದಿತು. ಉಚ್ಚಾರಭೇದವನ್ನು ವೈಯಾಕರಣರ ಗೊಡವೆಯೆಂದು ತಿಳಿದವರು ಇದನ್ನು ನೆನೆಯಬೇಕು.

ದುರಂತದ ಚಲಚ್ಚಿತ್ರ ತುಣುಕುಗಳು ಕೂಡಲೇ ವಾಟ್ಸಾಪಿನಲ್ಲಿ ಹಬ್ಬಿದವು. ಅವನ್ನು ಸ್ಮಾರಕವೆನ್ನುವುದು ಕಷ್ಟ. ಸತ್ತವನು ಅಲ್ಲಿ ಬರಿಯ ದೇಹ. ಅವನಿಗೆ ಹೆಸರಿಲ್ಲ, ಊರಿಲ್ಲ. ಅದೇ ಹೊತ್ತಿಗೆ ಇನ್ನೊಂದು ಬಗೆಯ ಚಿತ್ರಗಳೂ ಬೆಳಕಿಗೆ ಬಂದವು. ನಿತ್ಯಪ್ರಯಾಣಿಕರು ಹಿಂದೆಯೇ ಆ ಸೇತುವೆಯ ಗರ್ದಿಯನ್ನು ಫೋನಿನಲ್ಲಿ ಸೆರೆಹಿಡಿದು ಟ್ವಿಟರಿನ ಮೂಲಕ ರೈಲ್ವೆಗೆ ಸಲ್ಲಿಸಿದ್ದ ದೂರುಗಳು ಅವು. ಕಲೆಯ ಹಂಗಿಲ್ಲದ, ಅವಸರದ ಚಿತ್ರಗಳು. ಸಾವಿನ ತರುವಾಯ ಅವುಗಳ ಅರ್ಥವೇ ಬದಲಾಗಿ, ದೂರು ಸಾಕ್ಷಿಯಾಯಿತು. ರೈಲ್ವೆಯ ವಿಚಾರಣೆ ಮಳೆಯತ್ತ ಬೆರಳು ಮಾಡಿತು. ಗರ್ದಿ ಆ ಒಂದು ದಿನದ್ದಲ್ಲವೆಂಬುದನ್ನು ಈ ಚಿತ್ರಗಳು ಸಾರುತ್ತವೆ.

೨೦೧೧ರ ಸುನಾಮಿಯ ಅನಂತರ ಜಪಾನಿನಲ್ಲಿ ಗೂಗಲ್ ಸಂಸ್ಥೆಯು, ಹಾಳಾದ ಊರುಗಳ ಹಿಂದಿನ ದಿನಗಳ ಸಾಮಾನ್ಯ ಚಿತ್ರಗಳನ್ನು ಜನರಿಂದಲೇ ಕೂಡಿಸಿತು. ಕಳೆದ ಊರನ್ನು ಮತ್ತೆ ಕಾಣುವ ಹಂಬಲ ಅಲ್ಲಿಯದು. ಪರೇಲಿನ ಚಿತ್ರಗಳಲ್ಲಾದರೋ ಮತ್ತೆ ಕಾಣಬಯಸುವಂಥದು ಏನೂ ಇಲ್ಲ. ಅವುಗಳ ಬಲವೆಲ್ಲ ಅದರಲ್ಲಿಯೇ ಇದೆ.

ಕನ್ನಡನಾಡಿನ ವೀರಗಲ್ಲು ಸಾಮಾನ್ಯವಾಗಿ ಮೂರು ಅಂತಸ್ತಿನದು: ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಆರೋಹಣ, ಮೇಲೆ ಶಿವಸನ್ನಿಧಿ. ಶಾಸನವಿದ್ದಲ್ಲಿ ಮಡಿದವನ ಹೆಸರು, ಮಡಿದ ಕಾರಣ, ಹಲವೆಡೆ ಕಲ್ಲು ನಿಲ್ಲಿಸಿದವರ ಹೆಸರೂ ತಿಳಿಯುತ್ತವೆ. ಮುಂಬಯಿಯವರಿಗೆ ಇದು ದೂರದ ಮಾತಲ್ಲ. ಬೋರಿವಲಿಯ ಎಕ್ಸರಿನಲ್ಲಿ ಹಡಗುಗಳ ಕಾಳಗವನ್ನೇ ಕೊರೆದ ವೀರಗಲ್ಲುಗಳಿವೆ. ವಾಟ್ಸಾಪಿನ ತುಣುಕು ಕೆಳಗಿನ ಅಂತಸ್ತಿನಲ್ಲಿಯೇ ನಿಂತುಬಿಡುತ್ತದೆ. ಕೈಯಿಂದ ಕೈಗೆ ದಾಟುವಾಗ ಅದರ ದಿನಾಂಕವೂ ಕಳಚಿಹೋಗುತ್ತದೆ. ಪ್ರಯಾಣಿಕರ ದೂರುಚಿತ್ರಗಳು ದಿನಾಂಕವನ್ನು ಉಳಿಸಿಕೊಂಡಿವೆ, ಕಾರಣವನ್ನೂ ಹೇಳುತ್ತವೆ. ಮಡಿದವರ ಹೆಸರನ್ನು ಮಾತ್ರ ಹೇಳಲಾರವು. ಅವು ತೆಗೆಯಲ್ಪಟ್ಟಾಗ ಆ ಜನ ಇನ್ನೂ ಬದುಕಿದ್ದರಷ್ಟೆ! ಬಹುಶಃ ಆ ಗರ್ದಿಯಲ್ಲಿಯೇ ಇದ್ದರು.

೨೦೧೮ರ ಫೆಬ್ರವರಿಯಲ್ಲಿ ಸೇನೆಯವರು ಕಟ್ಟಿದ ಹೊಸ ಸೇತುವೆ ತೆರೆಯಿತು. ಅದೇ ವರ್ಷ ನಿಲ್ದಾಣವು ಪ್ರಭಾದೇವಿಯಾಯಿತು. ಹಳೆಯ ಹೆಸರಿನಡಿ ಚದರಿ ಬಿದ್ದಿರುವ ಆ ಚಿತ್ರಗಳು ಹೊಸ ಹೆಸರಿನಿಂದ ಹುಡುಕುವವನ ಕೈಗೆ ಸುಲಭವಾಗಿ ಸಿಕ್ಕಲಾರವು. ಮಡಿದವರ ಹೆಸರುಗಳೊಡನೆ ಅವನ್ನು ಒಂದೆಡೆ ಕೂಡಿಸಿಡುವ ಕೆಲಸ ತಡಮಾಡುವಂಥದಲ್ಲ.