ಬೀಡಿಂಗ್ ಕೆಳಗಿನ ಬಣ್ಣ

ಹಳೆಯ ಕಾರಿಗೆ ಅದರ ಹುಟ್ಟುಬಣ್ಣವನ್ನೇ ಮತ್ತೆ ಹೊಡೆಸಬೇಕೆಂದು ಹೊರಟವರು ಮೊದಲು ಶೇಡ್ ಕಾರ್ಡ್ ಹುಡುಕುತ್ತಾರೆ. ನನ್ನನ್ನು ಕೇಳಿದರೆ ಅದು ಮೂರನೆಯದೋ ನಾಲ್ಕನೆಯದೋ ಕೆಲಸ. ಮೊದಲು ಹುಡುಕಬೇಕಾದದ್ದು ಕಾರ್ಖಾನೆಯಲ್ಲಿ ಹೊಡೆದ ಮೊದಲ ಲೇಪ ಕಾರಿನ ಮೈಮೇಲೆ ಇನ್ನೂ ಎಲ್ಲಾದರೂ ಉಳಿದಿದೆಯೇ ಎಂದು. ಎರಡು ಬೆರಳಗಲ ಸಿಕ್ಕರೂ ಸಾಕು. ಸಿಕ್ಕ ಮೇಲೆ ಅದನ್ನು ನೋಡಬೇಕು, ಅಳೆಯಬೇಕು, ಅದರ ಪಕ್ಕದಲ್ಲಿ ಹೊಸ ಬಣ್ಣವನ್ನು ಹಿಡಿದು ಹೋಲಿಸಬೇಕು. ಉಜ್ಜಿ ತೆಗೆಯಲು ಮಾತ್ರ ಬಿಡಬಾರದು. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿಯಾಗುವವನಲ್ಲ.

ಮೋರಿಸ್ ಮೈನರನ್ನೇ ತೆಗೆದುಕೊಳ್ಳೋಣ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಬಿಡುಗಡೆಯಾಯಿತು. ನಮ್ಮ ಅಂಬಾಸಡರ್‌ಗೆ ಮೂಲವಾದದ್ದು ಇದರ ಅಣ್ಣ, ಮೋರಿಸ್ ಆಕ್ಸ್‌ಫರ್ಡ್. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಒಮ್ಮೊಮ್ಮೆ ಮೈನರ್ ಎದುರಾಗುತ್ತದೆ. ಬಹುತೇಕ ಎಲ್ಲಕ್ಕೂ ಎರಡು ಮೂರು ಸಲ ಮೈಬಣ್ಣ ಬದಲಾಗಿರುತ್ತದೆ. ಹುಟ್ಟುಬಣ್ಣವನ್ನು ಪತ್ತೆಹಚ್ಚುವ ವಿದ್ಯೆ ಕಲಿಯಲು ಇದಕ್ಕಿಂತ ಒಳ್ಳೆಯ ಕಾರಿಲ್ಲ.

1952ರಿಂದ 1958ರವರೆಗಿನ ಮೈನರ್‌ಗಳಿಗೆ ಕಾರ್ಖಾನೆಯಲ್ಲೇ ಕೂರಿಸಿದ ನಂಬರ್ ಪಟ್ಟಿಯಲ್ಲಿ ಮೊದಲು ಮೂರು ಅಕ್ಷರ, ಆಮೇಲೆ ಎರಡು ಅಂಕಿ ಇರುತ್ತವೆ. ಮೊದಲ ಅಕ್ಷರ ಎಫ್ ಎಂದರೆ ಮೈನರ್. ಎರಡನೆಯದು ಬಾಡಿಯ ಬಗೆ ಹೇಳುತ್ತದೆ. ಮೂರನೆಯದು ಬಣ್ಣ: ಎ ಕಪ್ಪು, ಸಿ ಗಾಢ ಕೆಂಪು, ಡಿ ಗಾಢ ನೀಲಿ, ಇ ಹಸಿರು. ಎಚ್ ಇದ್ದರೆ ಕಾರು ಬಿಡಿಭಾಗಗಳಾಗಿ ಹಡಗು ಹತ್ತಿದೆ, ಬಣ್ಣ ಕಂಡದ್ದು ಜೋಡಿಸಿದ ಊರಿನಲ್ಲಿ. ಅಂಥ ಕಾರಿಗೆ ಇಂಗ್ಲೆಂಡಿನ ಶೇಡ್ ಕಾರ್ಡ್ ಹಿಡಿದು ಕೂರುವುದು ವ್ಯರ್ಥ. ಕೊನೆಯ ಅಂಕಿಯನ್ನು ಯಾರೂ ಓದುವುದಿಲ್ಲ, ನನಗೆ ಬಲು ಪ್ರಿಯವಾದದ್ದು ಅದೇ. ಅದು ಪೇಂಟಿನ ಜಾತಿ. 3 ಎಂದರೆ ಸೆಲ್ಯುಲೋಸ್. 6 ಎಂದರೆ ಬಾಡಿಗೆ ಸೆಲ್ಯುಲೋಸ್, ಮಡ್‌ಗಾರ್ಡ್‌ಗಳಿಗೆ ಸಿಂಥೆಟಿಕ್. ಒಂದೇ ಕಾರು, ಒಂದೇ ಬಣ್ಣ, ಬೇರೆ ಬೇರೆ ಪೇಂಟು! ಅರವತ್ತು ವರ್ಷ ಬಿಸಿಲುಂಡ ಮೇಲೆ ಅವೆರಡೂ ಒಂದೇ ರೀತಿ ಕಾಣುವುದು ಸಾಧ್ಯವೇ ಇಲ್ಲ. ಬಾನೆಟ್ಟಿಗೂ ಮಡ್‌ಗಾರ್ಡಿಗೂ ಛಾಯೆ ಕೂಡುತ್ತಿಲ್ಲವೆಂದು ಹಿಂದಿನ ಪೇಂಟರನ್ನು ಬೈಯುವವರು ಒಮ್ಮೆ ಆ ಅಂಕಿಯನ್ನು ನೋಡಬೇಕು.

ನಂತರದ ಕಾರುಗಳ ನಂಬರಿನಲ್ಲಿ ಬಣ್ಣದ ಅಕ್ಷರವಿಲ್ಲ. ಅವಕ್ಕೆ ಕಂಪನಿಯ ಬಣ್ಣಪಟ್ಟಿಯೇ ಆಧಾರ. ಇಂಗ್ಲೆಂಡಿನ ಗೇಡನ್ನಿನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಲವು ಕಾರುಗಳಿಗೆ ಕಾರ್ಖಾನೆಯ ದಫ್ತರ ನೋಡಿ ಪ್ರಮಾಣಪತ್ರವನ್ನೂ ಕೊಡುತ್ತದೆ. ಬಣ್ಣಪಟ್ಟಿಯಲ್ಲಿ ಒಂದು ಸ್ವಾರಸ್ಯವಿದೆ. ಮೈನರ್‌ನ ಬಹಳ ಜನಪ್ರಿಯ ಬಣ್ಣಗಳಲ್ಲೊಂದು ಸ್ಮೋಕ್ ಗ್ರೇ. ಹೆಸರು ಕೇಳಿದವರು ಬೂದಿ ಬಣ್ಣವನ್ನು ಕಲಸುತ್ತಾರೆ. ಅದರ ಸಂಕೇತ ಮಾತ್ರ ಬಿಯು 15. ಬಿಯು ಎಂಬುದು ನೀಲಿಗಳ ಗುಂಪು, ಬೂದುಗಳಿಗೆ ಜಿಆರ್ ಎಂಬ ಗುಂಪು ಬೇರೆಯೇ ಇತ್ತು. ಅಂದರೆ ತಯಾರಿಸಿದವರೇ ಅದನ್ನು ನೀಲಿ ಎಂದು ಲೆಕ್ಕಹಾಕಿದ್ದರು. ಮಳೆಗಾಲದ ಬೆಳಗಿನ ಬೆಳಕಿನಲ್ಲಿ ಸರಿಯಾದ ಸ್ಮೋಕ್ ಗ್ರೇ ನೋಡಿದವರಿಗೆ ಅದರೊಳಗಿನ ನೀಲಿ ಮರೆಯುವುದಿಲ್ಲ. ರಸ್ತೆಯಲ್ಲಿ ಕಾಣುವ ಅರ್ಧಕ್ಕರ್ಧ ಸ್ಮೋಕ್ ಗ್ರೇ ಕಾರುಗಳಲ್ಲಿ ಆ ನೀಲಿ ಸತ್ತಿರುತ್ತದೆ.

ಇನ್ನು ಹುಡುಕುವ ಜಾಗಗಳು. ಮೈನರ್‌ನ ಹಿಂದಿನ ಮಡ್‌ಗಾರ್ಡ್‌ಗಳನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ, ಬಾಡಿಗೂ ಅದಕ್ಕೂ ನಡುವೆ ಒಂದು ಬೀಡಿಂಗ್ ಓಡುತ್ತದೆ. ಅದನ್ನು ಬಿಚ್ಚಿದಾಗ ಒಳಗಿನ ಅಂಚಿನಲ್ಲಿ ಮೊದಲ ಬಣ್ಣ ಸಿಗುವ ಸಂಭವ ಹೆಚ್ಚು. ಡ್ಯಾಶ್‌ಬೋರ್ಡಿನ ಹಿಂಬದಿ, ಬಾಗಿಲ ಕೀಲಿನ ಸಂದು, ಸ್ಟೆಪ್ನಿಯ ಗೂಡು, ಲಾಂಛನದ ಅಡಿ, ಇವೂ ಒಳ್ಳೆಯ ಜಾಗಗಳು. ಎಲ್ಲೂ ಸಿಗದಿದ್ದರೆ ಮೈಮೇಲೆ ಮರೆಯಾದ ಒಂದು ಕಡೆ ನುಣುಪಾದ ವಾಟರ್ ಪೇಪರಿನಿಂದ, ನೀರು ಹಾಕುತ್ತಾ, ಕಾಸಿನಗಲ ವೃತ್ತವಾಗಿ ಉಜ್ಜಬೇಕು. ಆತುರವಿಲ್ಲದೆ ಉಜ್ಜಿದರೆ ಮರದ ಕಾಂಡ ಕೊಯ್ದಾಗ ಕಾಣುವಂತೆ ಬಳೆ ಬಳೆಯಾಗಿ ಪದರಗಳು ತೆರೆದುಕೊಳ್ಳುತ್ತವೆ: ಮೇಲೆ ಈಗಿನ ಬಣ್ಣ, ಅದರ ಕೆಳಗೆ ಯಾರೋ ಹಾಕಿಸಿದ ಪುಟ್ಟಿ, ಇನ್ನೊಂದು ಬಣ್ಣ, ಪ್ರೈಮರ್, ಕೊನೆಗೆ ತಗಡು. ಕಾರ್ಖಾನೆಯ ಪ್ರೈಮರ್ ಮೇಲೆ ನೇರವಾಗಿ ಕುಳಿತ ಬಣ್ಣವೇ ನಾವು ಹುಡುಕುತ್ತಿರುವುದು. ಒಣಗಿದ್ದಾಗ ಮಾತ್ರ ಉಜ್ಜಬೇಡಿ. ಆ ಕಾಲದ ಪೇಂಟಿನಲ್ಲಿ ಸೀಸವಿರುತ್ತದೆ, ಅದರ ಧೂಳು ಉಸಿರಿಗೆ ಹೋಗಬಾರದು.

ಪದರ ಸಿಕ್ಕಿತೆಂದು ಕುಣಿಯುವ ಮುನ್ನ ಅದು ಯಾವ ಬಣ್ಣ, ಯಾವ ಪೇಂಟು ಎಂದು ವಿಚಾರಿಸಬೇಕು. ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಮೆಲ್ಲನೆ ಒರೆಸಿದರೆ ಸೆಲ್ಯುಲೋಸ್ ಕರಗಿ ಬಣ್ಣ ಹತ್ತಿಗೆ ಬರುತ್ತದೆ. ಒಲೆಯಲ್ಲಿ ಬೇಯಿಸಿದ ಸಿಂಥೆಟಿಕ್ ಎನಾಮೆಲ್ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಈ ವ್ಯತ್ಯಾಸ ಏಕೆ ಮುಖ್ಯವೆಂದರೆ ಮರೆಯಲ್ಲಿದ್ದ ಬಣ್ಣ ಯಾವಾಗಲೂ ನಿಜ ಹೇಳುತ್ತದೆಂಬ ನಂಬಿಕೆ ತಪ್ಪು. ಕೆಂಪಿನ ವಿಷಯದಲ್ಲಿ ಅದು ನಿಜ. ಬಿಸಿಲಿಗೆ ಬಿದ್ದ ಕೆಂಪು ಸುಣ್ಣಗಟ್ಟಿ ಮಾಸುತ್ತದೆ, ಮರೆಯಲ್ಲಿದ್ದ ಕೆಂಪು ಹಾಗೇ ಉಳಿಯುತ್ತದೆ. ಬಿಳಿಯ ವಿಷಯದಲ್ಲಿ ಇದು ತಲೆಕೆಳಗು. ಎಣ್ಣೆಯ ಅಂಶವುಳ್ಳ ಎನಾಮೆಲ್ ಕತ್ತಲಲ್ಲಿ ಹಳದಿಗಟ್ಟುತ್ತದೆ. ಬೀಡಿಂಗ್ ಕೆಳಗಿನಿಂದ ತೆಗೆದ ಓಲ್ಡ್ ಇಂಗ್ಲಿಷ್ ವೈಟ್ ಕೆನೆಗಿಂತ ಹೆಚ್ಚು ಹಳದಿಯಾಗಿ ಕಂಡರೆ ಅದನ್ನೇ ನಂಬಿ ಡಬ್ಬಿ ಕಲಸಬಾರದು. ಕೆಲವು ದಿನ ಹಗಲ ಬೆಳಕಿಗೆ ಇಟ್ಟರೆ ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ, ಅಳೆಯುವುದು ಆಮೇಲೆ. ಬಿಳಿಯೇ ಎಲ್ಲಕ್ಕಿಂತ ಸುಲಭ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಕಷ್ಟ. ಚಿಟಿಕೆ ಕಪ್ಪು, ಚಿಟಿಕೆ ಹಳದಿ, ಅಷ್ಟರ ಮೇಲೆ ಇಡೀ ಕಾರಿನ ಮುಖ ನಿಂತಿರುತ್ತದೆ.

ಆ ಕಾಲದ ಎಷ್ಟೋ ಹಸಿರುಗಳನ್ನು ಪ್ರಷ್ಯನ್ ನೀಲಿಗೆ ಸೀಸದ ಕ್ರೋಮ್ ಹಳದಿ ಬೆರೆಸಿ ಮಾಡುತ್ತಿದ್ದರು. ಬೆಳಕಿಗೆ ನೀಲಿ ಮಂಕಾಗುತ್ತದೆ, ಹಳದಿ ಕಂದುತ್ತದೆ. ಹಾಗಾಗಿ ಹೊರಗೆ ಕಾಣುವ ಹಸಿರು ಎರಡು ಕಡೆಯಿಂದ ಬದಲಾಗಿರುತ್ತದೆ. ಈಗ ಸೀಸದ ಹಳದಿಯನ್ನು ಬಹುತೇಕ ಕೈಬಿಟ್ಟಿದ್ದಾರೆ. ಪ್ರಷ್ಯನ್ ನೀಲಿಯ ಜಾಗಕ್ಕೆ 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಥಾಲೋಸಯನೈನ್ ನೀಲಿ ಬಂದಿದೆ. ಜೆ.ಸಿ. ರಸ್ತೆಯ ಕಡೆ ಕಂಪ್ಯೂಟರ್ ಇಟ್ಟುಕೊಂಡು ಪೇಂಟ್ ಕಲಸುವ ಅಂಗಡಿಗೆ ಚೂರು ಒಯ್ದರೆ ಯಂತ್ರ ಅದನ್ನು ಓದಿ ಇಂದಿನ ವರ್ಣದ್ರವ್ಯಗಳಲ್ಲಿ ಸೂತ್ರ ಕೊಡುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಹಳತು ಹೊಸತು ಎರಡೂ ಒಂದೇ. ಬೀದಿಗೆ ಬಂದರೆ ಹಳತು ಎಲೆಯ ಕಡೆಗೆ, ಹೊಸತು ನೀಲಿಯ ಕಡೆಗೆ. ಅಂಗಡಿಯವನ ತಪ್ಪೇನಿಲ್ಲ. ಎರಡು ಬಣ್ಣ ಬೇರೆ ಬೇರೆ ದ್ರವ್ಯಗಳಿಂದಾಗಿದ್ದರೆ ಒಂದು ಬೆಳಕಿನಲ್ಲಿ ಕೂಡಿ ಇನ್ನೊಂದರಲ್ಲಿ ಬಿಡುವುದು ಸಹಜ. ಅದಕ್ಕೇ ಯಂತ್ರದ ಸೂತ್ರವನ್ನು ಮೊದಲ ಕರಡೆಂದು ತೆಗೆದುಕೊಳ್ಳಬೇಕು. ಸೂತ್ರದಲ್ಲಿ ಯಾವ ಯಾವ ಟಿಂಟರ್ ಇವೆ ಎಂದು ಕೇಳಿ, ಹಳೆಯ ಬಗೆಯದಕ್ಕೆ ಹತ್ತಿರದ್ದನ್ನು ಹಾಕಿಸಬೇಕು. ಕಾಗದಕ್ಕಲ್ಲ, ಪ್ರೈಮರ್ ಹೊಡೆದ ತಗಡಿಗೆ ಸ್ಪ್ರೇ ಮಾಡಿಸಿ, ಪೂರ್ತಿ ಒಣಗಿದ ಮೇಲೆ ನೆರಳಿನ ಹಗಲಿನಲ್ಲಿ, ಸಂಜೆಯ ಹಳದಿ ಬೆಳಕಿನಲ್ಲಿ, ಬಲ್ಬಿನ ಕೆಳಗೆ ಬೇರೆ ಬೇರೆಯಾಗಿ ನೋಡಬೇಕು. ಇಷ್ಟಕ್ಕೆ ಪೇಂಟರ್ ಬೇಸರ ಪಟ್ಟುಕೊಂಡರೆ ಬೇರೆ ಪೇಂಟರನ್ನು ನೋಡಿಕೊಳ್ಳುವುದೇ ಒಳ್ಳೆಯದು.

ಬಣ್ಣ ಕೂಡಿದ ಮೇಲೂ ಕಾರು ಕೆಡಬಹುದು, ಹೊಳಪಿನಿಂದ. ಡುಪಾಂಟ್ ಕಂಪನಿಯ ಡ್ಯುಕೋ 1920ರ ದಶಕದಲ್ಲಿ ಬಂದಾಗ ವಾರಗಟ್ಟಲೆ ಹಿಡಿಯುತ್ತಿದ್ದ ವಾರ್ನಿಷ್ ಕೆಲಸ ಕೆಲವೇ ದಿನಗಳಿಗೆ ಇಳಿಯಿತು. ಆ ನೈಟ್ರೋಸೆಲ್ಯುಲೋಸ್ ಲೇಪಕ್ಕೆ ಹೊಳಪು ಬರುವುದು ಉಜ್ಜಿದ ಮೇಲೆ. ಅದು ಮೃದುವಾದ ಹೊಳಪು. ಇಂದು ಅದೇ ಛಾಯೆಯನ್ನು ಹೊಡೆದು ಮೇಲೆ ಕ್ಲಿಯರ್ ಕೋಟ್ ಎಳೆದರೆ ಬಣ್ಣ ಒಂದು ಗಾಜಿನ ಕೆಳಗೆ ಸಿಕ್ಕಿಕೊಂಡು, ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಮೆಟಾಲಿಕ್ ಅಲ್ಲದ ಹಳೆಯ ಕಾರಿಗೆ ಕ್ಲಿಯರ್ ಕೋಟ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಸೆಲ್ಯುಲೋಸ್ ಸಿಗದಿದ್ದರೆ ಹಾರ್ಡನರ್ ಬೆರೆಸುವ, ಕ್ಲಿಯರ್ ಬೇಡದ ಟು-ಕೆ ಪೇಂಟ್ ಹೊಡೆಸಿ, ಸಣ್ಣ ವಾಟರ್ ಪೇಪರಿನಲ್ಲಿ ಉಜ್ಜಿ, ಕಾಂಪೌಂಡ್ ಹಾಕಿ ಹೊಳಪನ್ನು ತಗ್ಗಿಸಬಹುದು. ಟು-ಕೆ ಹೊಡೆಯುವವರಿಗೆ ಹೊರಗಿನ ಗಾಳಿ ಬರುವ ಮಾಸ್ಕ್ ಇರಲೇಬೇಕು, ಮೂಗಿಗೆ ಕಟ್ಟಿದ ಕರ್ಚೀಫು ಸಾಲದು.

ಈ ಎಲ್ಲ ಕಷ್ಟಗಳೂ ಒಟ್ಟಿಗೆ ಎದುರಾಗುವ ಒಂದು ಕಾರಿದೆ. 1960ರ ಕೊನೆಗೆ ಮೈನರ್ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಬ್ರಿಟಿಷ್ ಕಾರೊಂದು ಅಷ್ಟು ದೂರ ಹೋದದ್ದು ಅದೇ ಮೊದಲು. ಅದರ ನೆನಪಿಗೆ ಸುಮಾರು 350 ಕಾರುಗಳನ್ನು ತಿಳಿನೇರಳೆ ಬಣ್ಣದಲ್ಲಿ, ಬಿಳಿ ಸೀಟುಗಳೊಂದಿಗೆ, ಬದಿಯಲ್ಲಿ 1000000 ಎಂಬ ಲಾಂಛನ ಹಾಕಿ ಹೊರಡಿಸಿದರು. ತಿಳಿನೇರಳೆ ಎಂಥ ಬಣ್ಣವೆಂದರೆ ಹಗಲಿನಲ್ಲಿ ಬೂದಿಗೆ ಹತ್ತಿರ, ಬಲ್ಬಿನ ಬೆಳಕಿನಲ್ಲಿ ಗುಲಾಬಿಗೆ ಹತ್ತಿರ. ಒಂದು ತೊಟ್ಟು ಹೆಚ್ಚಾದರೆ ಆಟಿಕೆಯಾಗುತ್ತದೆ. ಇಷ್ಟು ವಿರಳವಾದ್ದರಿಂದ ಮಾಮೂಲಿ ಮೈನರ್‌ಗೆ ಅದೇ ಬಣ್ಣ ಹೊಡೆದು ಲಾಂಛನ ಅಂಟಿಸುವುದೂ ಸುಲಭ. ಆಗ ನೆರವಿಗೆ ಬರುವುದು ಕಾರಿನ ನಂಬರು, ಗೇಡನ್ನಿನ ದಫ್ತರ, ಮತ್ತು ಆ ಕಾಸಿನಗಲದ ಬಳೆಗಳು. ತಿಳಿನೇರಳೆಯ ಕೆಳಗೆ ನೇರ ಕಾರ್ಖಾನೆಯ ಪ್ರೈಮರ್ ಇದೆಯೋ, ಇಲ್ಲಾ ನಡುವೆ ಒಂದು ಡವ್ ಗ್ರೇ ಅವಿತಿದೆಯೋ ಎಂಬುದನ್ನು ಅವು ತೋರಿಸಿಬಿಡುತ್ತವೆ.

ತಗಡಿನವರೆಗೂ ಕೆರೆದು ಹೊಸದಾಗಿ ಕಟ್ಟಿದ ಕಾರಿನಲ್ಲಿ ಈ ಪರೀಕ್ಷೆ ಮಾಡಲು ಏನೂ ಉಳಿದಿರುವುದಿಲ್ಲ. ಎಷ್ಟು ಚೆನ್ನಾಗಿ ಕೂಡಿಸಿದ ಬಣ್ಣವಾದರೂ ಅದು ಈ ಕಾಲದ ಒಬ್ಬರ ಕಣ್ಣಿನ ತೀರ್ಮಾನ. ಮುಂದಿನವರು ಅದನ್ನು ಒರೆಗೆ ಹಚ್ಚಿ ನೋಡಲು ಹಳೆಯ ತುಂಡು ಇರಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ತನ್ನ ಟ್ಯೂರಿನ್ ಸನದಿನಲ್ಲಿ ಮೂಲದ್ದನ್ನು ಉಳಿಸಿ, ಮಾಡಿದ್ದನ್ನು ದಾಖಲಿಸಿ ಎಂದು ಕೇಳುವುದೂ ಇದೇ ಕಾರಣಕ್ಕೆ. ಹಾಗಾಗಿ ಕಾರು ಗ್ಯಾರೇಜಿಗೆ ಹೋಗುವ ಮುನ್ನ ಡ್ಯಾಶ್‌ಬೋರ್ಡಿನ ಹಿಂದೆಯೋ ಸ್ಟೆಪ್ನಿ ಗೂಡಿನಲ್ಲೋ ಅಂಗೈಯಗಲ ಜಾಗಕ್ಕೆ ಟೇಪ್ ಹಚ್ಚಿ, ‘ಮುಟ್ಟಬೇಡಿ’ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ. ಪೇಂಟಿನ ಸೂತ್ರ, ಕಂಪನಿ, ತಾರೀಖು, ಹೊಡೆದವರ ಹೆಸರು ಇವನ್ನು ಒಂದು ಹಾಳೆಯಲ್ಲಿ ಗುರುತು ಹಾಕಿ, ಸ್ಪ್ರೇ ಮಾಡಿದ ಪರೀಕ್ಷೆಯ ತಗಡಿನ ಜೊತೆ ಆರ್‌ಸಿ ಪುಸ್ತಕ ಇಡುವ ಜಾಗದಲ್ಲೇ ಇಡಿ. ಕಾರು ಮಾರುವಾಗ ಕೀಲಿಕೈ ಜೊತೆ ಅವೂ ಹೋಗಲಿ.