ಕೋಡ್ ಬಾರದ ಕಾಯಿಲೆ

ಆಂಧ್ರದ ಗಡಿಯೂರುಗಳಾದ ರಾಯದುರ್ಗ, ಮಡಕಶಿರಾದ ಗ್ಯಾರೇಜುಗಳಲ್ಲಿ ಕನ್ನಡ, ತೆಲುಗು ಕಲೆತೇ ಕೇಳಿಸುತ್ತವೆ. ಇಂಥ ಊರುಗಳ ಹಳೆಯ ಮೆಕ್ಯಾನಿಕ್‌ಗಳ ಒಂದು ವಿದ್ಯೆಗೆ ನಾನು ಮನಸೋತವನು. ಕಾರು ಎಳೆಯುವುದಿಲ್ಲ, ಸ್ಕ್ಯಾನರ್ ಹಾಕಿದರೆ ದೋಷ ಹೇಳುವ ಒಂದೂ ಕೋಡ್ ಇಲ್ಲ. ಆದರೂ ಅವರು ಕಾಯಿಲೆ ಹಿಡಿಯುತ್ತಾರೆ.

ಸೆನ್ಸರ್ ಅಳತೆ ಗೊತ್ತುಮಾಡಿದ ಮಿತಿ ದಾಟಿದರಷ್ಟೇ ಕಾರಿನ ಕಂಪ್ಯೂಟರ್ ಕೋಡ್ ಬರೆಯುತ್ತದೆ. ಅರ್ಧ ಕಟ್ಟಿದ ಫ್ಯೂಯಲ್ ಫಿಲ್ಟರ್, ಸವೆದ ವಾಲ್ವ್, ಸಡಿಲ ಅರ್ತ್ ವೈರ್ ಎಷ್ಟೋ ಸಲ ಆ ಮಿತಿಯೊಳಗೇ ಅಡಗಿರುತ್ತವೆ.

ಅಂಥವನ್ನು ಮೆಕ್ಯಾನಿಕ್ ಕಿವಿ, ಕಣ್ಣುಗಳಿಂದಲೇ ಹುಡುಕುತ್ತಾನೆ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್‌ಗಿಟ್ಟು, ಹಿಡಿಗೆ ಕಿವಿ ಕೊಟ್ಟರೆ ಯಾವ ಇಂಜೆಕ್ಟರ್ ಟಿಕ್ ಎನ್ನುತ್ತಿಲ್ಲ, ಯಾವ ಬೇರಿಂಗ್ ಗೊರಗುಟ್ಟುತ್ತಿದೆ ಎಂದು ತಿಳಿಯುತ್ತದೆ. ಬಿಚ್ಚಿದ ಸ್ಪಾರ್ಕ್ ಪ್ಲಗ್ ತಿಳಿಗಂದು ಇದ್ದರೆ ಕ್ಷೇಮ. ಒಣ ಮಸಿ ಕಂಡರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ವ್ಯಾಕ್ಯೂಮ್ ಗೇಜಿನ ಮುಳ್ಳು ಒಂದೇ ಲಯದಲ್ಲಿ ತುಡಿದರೆ ವಾಲ್ವ್ ಮೇಲೆ ಅನುಮಾನ. ಇಷ್ಟೆಲ್ಲ ಗೊತ್ತಾದ ಮೇಲೂ, ಎಂಜಿನ್ ಬಿಚ್ಚುವ ಮುನ್ನ ಒಮ್ಮೆ ಕಂಪ್ರೆಷನ್ ಅಳೆದು ನೋಡುವವನೇ ನನ್ನ ಲೆಕ್ಕದಲ್ಲಿ ಮೇಸ್ತ್ರಿ.

ಅಂಥವರ ಹತ್ತಿರ ಹೋದಾಗ ಬರೀ ‘ಪಿಕಪ್ ಇಲ್ಲ’ ಎನ್ನಬೇಡಿ. ಎಂಜಿನ್ ತಣ್ಣಗಿದ್ದಾಗಲೋ ಕಾದ ಮೇಲೋ, ಏರಿನಲ್ಲೋ ಎಸಿ ಹಾಕಿದಾಗಲೋ, ಬಿಡಿಸಿ ಹೇಳಿ.