ನೀಲಿ ಉರಿಗೆ ಸಿಕ್ಕ ಹೆಸರು

ಇಂಗ್ಲೆಂಡಿನ ಹವ್ಯಾಸಿ ತೋಟಗಾರರಲ್ಲಿ ಪ್ಯಾರಾಫಿನ್ ಹೀಟರಿಗೆ, ಅಂದರೆ ನಮ್ಮ ಸೀಮೆಎಣ್ಣೆ ಹೀಟರಿಗೆ, ಇಂದಿಗೂ ದೊಡ್ಡ ಮರ್ಯಾದೆ. ಕೆಳಗೆ ಎಣ್ಣೆಯ ತೊಟ್ಟಿ, ಮೇಲೆ ಬತ್ತಿ, ಅದರ ಸುತ್ತ ಒಂದು ತಗಡಿನ ಗೂಡು. ಹೊಗೆ ಹೊರಗೆ ಹೋಗಲು ಕೊಳವೆ ಇಲ್ಲ. ಉರಿದದ್ದೆಲ್ಲ ಗಾಜಿನಮನೆಯೊಳಗೇ ಉಳಿಯುತ್ತದೆ. ಉರಿ ನೀಲಿಯಾಗಿದ್ದರೆ ಹೂಗಿಡಕ್ಕೆ ಏನೂ ಆಗದು ಎಂಬ ಮಾತು ಹಳೆಯ ತೋಟಗಾರರಿಂದ ಹೊಸಬರಿಗೆ ಹರಿದು ಬಂದಿದೆ. ಈ ಚಳಿಯಲ್ಲಿ ದಾಸವಾಳವನ್ನೋ ಮಲ್ಲಿಗೆಯನ್ನೋ ಉಳಿಸಿಕೊಳ್ಳಲು ಹೆಣಗುವ ನಮ್ಮ ಕನ್ನಡದವರೂ ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ನಾನೂ ಹಲವು ಚಳಿಗಾಲ ಅದನ್ನು ನಂಬಿದ್ದೆ. ಈಗ ಹೇಳುತ್ತೇನೆ: ನೀಲಿ ಉರಿಗೆ ಸಿಕ್ಕ ಹೆಸರು ಅದರ ಯೋಗ್ಯತೆಗೆ ಮೀರಿದ್ದು. ಆ ಹೆಸರು ಸಲ್ಲಬೇಕಾದದ್ದು ಹಳೆಯ ಗಾಜಿನಮನೆಗಳ ಸಂದುಗಳಿಗೆ.

ಚಳಿಗಾಲದಲ್ಲಿ ಗಾಜಿನಮನೆ ಏಕೆ ಬಿಸಿಯಾಗಬೇಕು, ಯಾವ ಹೂವಿಗೆ ಎಷ್ಟು ಶಾಖ ಬೇಕು ಎಂಬುದನ್ನು ಈ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ತಕರಾರು ಇರುವುದು ಒಂದೇ ಒಂದು ಸಲಹೆಯ ಮೇಲೆ. ಹೀಟರಿನ ಬಗ್ಗೆ ಬರೆದವರೆಲ್ಲ ಕೊನೆಗೆ, ಗಾಳಿಕಿಂಡಿಯನ್ನು ತುಸು ತೆರೆದಿಡಿ ಎನ್ನುತ್ತಾರೆ. ಈ ‘ತುಸು’ ಎಂದರೆ ಎಷ್ಟು?

ಲೆಕ್ಕ ಹಾಕೋಣ. ಆರಡಿ ಅಗಲ, ಎಂಟಡಿ ಉದ್ದ, ಸರಾಸರಿ ಏಳಡಿ ಎತ್ತರದ ಗಾಜಿನಮನೆ ಇಲ್ಲಿನ ಹಿತ್ತಲುಗಳಲ್ಲಿ ಸಾಮಾನ್ಯ. ಅದರೊಳಗೆ ಹಿಡಿಯುವ ಗಾಳಿ ಸುಮಾರು 9.5 ಘನ ಮೀಟರ್. ಒಂದು ಲೀಟರ್ ಸೀಮೆಎಣ್ಣೆ ಪೂರ್ತಿ ಉರಿಯಲು ಬೇಕಾದ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದು ಲೀಟರ್ ಎಣ್ಣೆಗೆ ಇಡೀ ಮನೆಯ ಆಮ್ಲಜನಕ ಬೇಕು. ಹೊರಗೆ ಹಿಮ ಕಟ್ಟುವ ರಾತ್ರಿ ಒಳಗೆ 12 ಡಿಗ್ರಿ ಉಳಿಸಿಕೊಳ್ಳಲು ಇಂಥ ಮನೆಗೆ ಸುಮಾರು ಎರಡು ಲೀಟರ್ ಎಣ್ಣೆಯೇ ಬೇಕಾಗುತ್ತದೆ. ಆಮ್ಲಜನಕ ಪೂರ್ತಿ ಮುಗಿಯುವ ಬಹಳ ಮೊದಲೇ ಉರಿ ಕೆಡುತ್ತದೆ. ಅರೆಬರೆ ಉರಿದ ಎಣ್ಣೆಯಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಎಥಿಲೀನ್ ಬರುತ್ತದೆ. ಇದರ ಮೇಲೆ ನೀರಿನ ಕಾಟ. ಒಂದು ಲೀಟರ್ ಎಣ್ಣೆ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಒಳಗೆ ಸೇರುತ್ತದೆ. ಬೆಳಗಿನ ಜಾವ ಅದು ತಣ್ಣನೆ ಗಾಜಿನಿಂದ ಹನಿಹನಿಯಾಗಿ ಮೊಗ್ಗಿನ ಮೇಲೆ ಬೀಳುತ್ತದೆ, ಅದರ ಹಿಂದೆಯೇ ಬೂದು ಬೂಷ್ಟು ಬರುತ್ತದೆ.

ಹಾಗಾದರೆ ನಮ್ಮ ಹಿಂದಿನವರು ಹೇಗೆ ನಿಭಾಯಿಸಿದರು? ಅವರ ಗಾಜಿನಮನೆಯಲ್ಲಿ ಹಲಗೆ ಹಲಗೆಯಾಗಿ ಕೂರಿಸಿದ ಗಾಜು, ಒಣಗಿ ಬಿರಿದ ಪುಟ್ಟಿ, ಸರಿಯಾಗಿ ಮುಚ್ಚದ ಬಾಗಿಲು. ಅಂಥ ಮನೆಯ ಗಾಳಿ ಗಂಟೆಗೊಮ್ಮೆ ತಾನಾಗಿ ಬದಲಾಗುತ್ತಿತ್ತು. ಕಿಂಡಿ ಮುಚ್ಚಿದರೂ ಸಂದುಗಳು ಉರಿಗೆ ಉಸಿರು ಕೊಟ್ಟವು, ಹೆಸರು ಉರಿಗೆ ಬಂತು. ಈಗ ಶಾಖ ಉಳಿಸಲೆಂದು ಒಳಗೆಲ್ಲ ಗುಳ್ಳೆ ಪ್ಲಾಸ್ಟಿಕ್ ಹೊದಿಸಿ, ಸಂದುಗಳನ್ನು ಅಂಟುಪಟ್ಟಿಯಿಂದ ಮುಚ್ಚುತ್ತೇವೆ. ಒಂದೇ ಕೈಪಿಡಿ ಒಂದು ಪುಟದಲ್ಲಿ ಸಂದು ಮುಚ್ಚಿ ಎನ್ನುತ್ತದೆ, ಮುಂದಿನ ಪುಟದಲ್ಲಿ ಹೀಟರ್ ಹಚ್ಚಿ ಎನ್ನುತ್ತದೆ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸರಿ. ಜೊತೆಗೆ ಬಂದಾಗ ಅಪಾಯ. ಕಿಂಡಿ ತೆರೆದರೆ ಕಾಸು ಕೊಟ್ಟು ಕೊಂಡ ಶಾಖ ಹೊರಗೆ, ಮುಚ್ಚಿದರೆ ವಿಷ ಒಳಗೆ. ‘ತುಸು’ ಎಂಬ ಪದ ಈ ಇಕ್ಕಟ್ಟನ್ನು ಬಿಡಿಸುವುದಿಲ್ಲ, ಓದುಗನ ತಲೆಗೆ ಕಟ್ಟುತ್ತದೆ.

ನನಗೆ ಪಾಠವಾದದ್ದು ಒಂದು ಜನವರಿಯಲ್ಲಿ. ಹಿಮ ಬೀಳುವ ಮುನ್ಸೂಚನೆ ಕೇಳಿ ಕಿಂಡಿಯನ್ನು ಪೂರ್ತಿ ಮುಚ್ಚಿದ್ದೆ. ಮಲಗುವ ಮುನ್ನ ನೋಡಿದಾಗ ಉರಿ ನೀಲಿಯಾಗಿಯೇ ಇತ್ತು. ಬೆಳಗ್ಗೆ ಬಾಗಿಲು ತೆಗೆದರೆ ಕಮಟು ವಾಸನೆ, ಉರಿಯ ತುದಿಗೆ ಹಳದಿ ನಾಲಗೆ. ದಾಸವಾಳದ ಕುಂಡದ ಸುತ್ತ ಹನ್ನೊಂದು ಮೊಗ್ಗು ಬಿದ್ದಿದ್ದವು, ಒಂದೂ ಬಾಡಿರಲಿಲ್ಲ. ತೊಟ್ಟಿನ ಗಿಣ್ಣಿನಲ್ಲಿ ಕತ್ತರಿಸಿದಷ್ಟು ನಯವಾಗಿ ಕಳಚಿದ್ದವು. ಚಳಿಗೂ ಬೆಳಕಿನ ಕೊರತೆಗೂ ಮೊಗ್ಗು ಉದುರುತ್ತದೆ, ನಿಜ. ಆದರೆ ಪಕ್ಕದಲ್ಲಿ ಬೇಸಿಗೆಯಿಂದ ಉಳಿಸಿಕೊಂಡಿದ್ದ ಒಂದು ಟೊಮೆಟೊ ಗಿಡವಿತ್ತು. ಅದರ ಎಲೆ ಸೊರಗಿರಲಿಲ್ಲ, ಎಲೆತೊಟ್ಟು ಗಟ್ಟಿಯಾಗಿಯೇ ಇತ್ತು. ಆದರೂ ಎಲೆಗಳೆಲ್ಲ ಅರೆ ಮಡಿಸಿದ ಕೊಡೆಯಂತೆ ಕೆಳಕ್ಕೆ ಬಾಗಿದ್ದವು. ಎಥಿಲೀನ್ ಸೋಕಿದ ಟೊಮೆಟೊದ ಗುರುತೇ ಅದು. ಬಾಗಿಲನ್ನು ಹಾರುಹೊಡೆದು ಹೊರಗೆ ನಿಂತೆ. ಒಳಗೆ ನಿಂತಿದ್ದರೆ ನನಗೂ ಅಪಾಯವಿತ್ತು.

ಇದು ಹೊಸ ವಿದ್ಯೆಯಲ್ಲ. ದೀಪದ ಅನಿಲದಲ್ಲಿ ಗಿಡವನ್ನು ಕೆಡಿಸುವ ಅಂಶ ಎಥಿಲೀನ್ ಎಂದು ರಷ್ಯಾದ ನೆಲ್ಯುಬೋವ್ 1901ರಲ್ಲೇ ತೋರಿಸಿದ. ಷಿಕಾಗೋದ ಗಾಜಿನಮನೆಗಳಲ್ಲಿ ಅರಳಿದ ಕಾರ್ನೇಷನ್ ಹೂಗಳು ನಿದ್ದೆ ಹೋದಂತೆ ಮುಚ್ಚಿಕೊಳ್ಳುತ್ತಿದ್ದಾಗ, ಕ್ರಾಕರ್ ಮತ್ತು ನೈಟ್ 1908ರಲ್ಲಿ ಅದೇ ಅನಿಲವನ್ನು ಹಿಡಿದು ತೋರಿಸಿದರು. ಗಾಳಿಯ ಇಪ್ಪತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಎಥಿಲೀನ್ ಇದ್ದರೂ ಅರಳಿದ ಹೂವು ಅರ್ಧ ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಇದನ್ನು ಯಾರೂ ಪ್ರಯೋಗಶಾಲೆಯಲ್ಲಿ ಕಲಿಯಬೇಕಿರಲಿಲ್ಲ. ಬಾಳೆಗೊನೆಯನ್ನು ಗುಂಡಿಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುತ್ತಿದ್ದ ಊರು ನಮ್ಮದು. ಬಾಳೆಯನ್ನು ಹಣ್ಣು ಮಾಡುವ ಹೊಗೆಯೇ ಹೂವನ್ನು ಮುಪ್ಪು ಮಾಡುತ್ತದೆ.

ಹೀಟರಿನ ಪರ ವಕಾಲತ್ತು ವಹಿಸುವವರ ಮೊದಲ ವಾದ ಇಂಗಾಲದ ಡೈಆಕ್ಸೈಡಿನದು. ಉರಿಯಿಂದ ಬರುವ ಈ ಅನಿಲ ಗಿಡಕ್ಕೆ ಆಹಾರ, ಆದ್ದರಿಂದ ಶಾಖದ ಜೊತೆಗೆ ಗೊಬ್ಬರವೂ ಪುಕ್ಕಟೆ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹೀಟರ್ ಉರಿಯುವುದು ರಾತ್ರಿ, ಗಿಡ ಆ ಅನಿಲವನ್ನು ಉಣ್ಣುವುದು ಬೆಳಕಿದ್ದಾಗ. ಈ ಸರಳ ಸಂಗತಿಯನ್ನು ಮರೆತು ಪುಟಗಟ್ಟಲೆ ಬರೆದವರನ್ನು ಓದಿದ್ದೇನೆ. ಅವರು ಮಾದರಿಯೆಂದು ತೋರಿಸುವ ಹಾಲೆಂಡಿನ ಬೆಳೆಗಾರರು ಮಾಡುವುದು ಬೇರೆಯದೇ. ಅವರು ಬೇರೆ ಕೋಣೆಯ ಬಾಯ್ಲರಿನಲ್ಲಿ ಹಗಲು ಅನಿಲ ಉರಿಸಿ, ಶುದ್ಧವಾಗಿ ಉರಿದದ್ದನ್ನು ಖಾತ್ರಿ ಮಾಡಿಕೊಂಡ ಮೇಲೆ ಇಂಗಾಲದ ಡೈಆಕ್ಸೈಡನ್ನು ಗಿಡಗಳಿಗೆ ಬಿಡುತ್ತಾರೆ. ಶಾಖವನ್ನು ದೊಡ್ಡ ತೊಟ್ಟಿಗಳ ಬಿಸಿನೀರಿನಲ್ಲಿ ಕೂಡಿಟ್ಟು ರಾತ್ರಿಗೆ ಬಳಸುತ್ತಾರೆ. ಉರಿ ಬೇರೆ, ಶಾಖ ಬೇರೆ, ಹೊತ್ತು ಬೇರೆ. ಅವರ ಉದಾಹರಣೆ ನನ್ನ ಪರವಾಗಿದೆ.

ಎರಡನೆಯ ವಾದ ಇನ್ನೂ ಜಾಣತನದ್ದು. ಅಜೋರ್ಸ್ ದ್ವೀಪಗಳ ಗಾಜಿನಮನೆಗಳಲ್ಲಿ ಹೊಗೆ ಹಾಕಿ ಅನಾನಸನ್ನು ಹೂಬಿಡಿಸುತ್ತಿದ್ದರು, ಹಾಗಾಗಿ ಹೊಗೆ ಹೂವಿನ ಶತ್ರುವಲ್ಲ ಎನ್ನುತ್ತಾರೆ. ಸಂಗತಿ ನಿಜ. ನಮ್ಮ ಮಲೆನಾಡಿನ ಬೆಳೆಗಾರರು ಅನಾನಸಿಗೆ ಎಥ್ರೆಲ್ ಹಾಕುವುದರ ಹಿಂದಿರುವುದೂ ಅದೇ ಎಥಿಲೀನ್. ಆದರೆ ಅನಾನಸಿನ ಜಾತಿಗೆ ಒಗ್ಗಿದ್ದನ್ನು ಆರ್ಕಿಡ್, ಕಾರ್ನೇಷನ್, ದಾಸವಾಳಗಳಿಗೆ ಹೊಂದಿಸಲಾಗದು. ಹೂ ಹುಟ್ಟಿಸುವುದು ಒಂದು, ಹುಟ್ಟಿದ ಹೂವನ್ನು ಉಳಿಸಿಕೊಳ್ಳುವುದು ಇನ್ನೊಂದು.

ಮೂರನೆಯವರು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಟ್ಟರಾಯಿತಲ್ಲ ಎನ್ನುತ್ತಾರೆ. ಇಡಲೇಬೇಕು, ಮನುಷ್ಯನ ಜೀವಕ್ಕೆ. ಆದರೆ ಅದು ಎಚ್ಚರಿಸುವುದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಹತ್ತಾರು ಪಾಲು ಮಾನಾಕ್ಸೈಡ್ ಸೇರಿದ ಮೇಲೆ. ಸೂಕ್ಷ್ಮವಾದ ಹೂವಿಗೆ ಹತ್ತು ಲಕ್ಷದಲ್ಲಿ ಒಂದರ ಹತ್ತನೆಯ ಪಾಲು ಎಥಿಲೀನ್ ಸಾಕು. ಅಲಾರಂ ಮೌನವಾಗಿದ್ದಾಗಲೂ ಮೊಗ್ಗು ಉದುರುತ್ತದೆ.

ಹೀಟರಿಗೂ ಒಂದು ನ್ಯಾಯ ಸಲ್ಲಬೇಕು. ಕರೆಂಟ್ ಹೋದ ಚಳಿರಾತ್ರಿಯಲ್ಲಿ ಗಿಡದ ಜೀವ ಉಳಿಸುವ ಶಕ್ತಿ ಅದಕ್ಕಿದೆ. ಕಿಂಡಿ ತೆರೆದು, ಬತ್ತಿ ಕತ್ತರಿಸಿ, ಒಂದು ರಾತ್ರಿ ಉರಿಸಲಿ. ಇಡೀ ಚಳಿಗಾಲದ ಭಾರವನ್ನು ಅದರ ಮೇಲೆ ಹೊರಿಸಬಾರದು.

ಹೊರಿಸಬೇಕಾದದ್ದು ನಾವು ಹಳತೆಂದು ಬಿಟ್ಟ ಬಿಸಿನೀರಿನ ಕೊಳವೆಯ ಮೇಲೆ. ಜೋಸೆಫ್ ಪ್ಯಾಕ್ಸ್‌ಟನ್ 1836ರಿಂದ 1841ರವರೆಗೆ ಚಾಟ್ಸ್‌ವರ್ತ್‌ನಲ್ಲಿ ಕಟ್ಟಿದ ಮಹಾ ಗಾಜಿನಮನೆಗೆ ಎಂಟು ಬಾಯ್ಲರ್, ಏಳು ಮೈಲಿ ಕೊಳವೆ. ಕಲ್ಲಿದ್ದಲು ಬರುತ್ತಿದ್ದುದು ಸುರಂಗದ ಹಳಿಗಳ ಮೇಲೆ. ಬೆಂಕಿ ನೆಲದಡಿ, ಗಿಡಕ್ಕೆ ತಲುಪುತ್ತಿದ್ದುದು ಶಾಖ ಮಾತ್ರ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ನಿಂತು ಗಿಡಗಳು ಸತ್ತವು, 1920ರಲ್ಲಿ ಮನೆಯನ್ನೇ ಕೆಡವಿದರು. ಅದನ್ನು ಸಿರಿವಂತರ ದುಂದು ಎಂದು ತಳ್ಳಿಹಾಕುವ ವಿಮರ್ಶಕರು ಖರ್ಚನ್ನು ಕಂಡರು, ತತ್ತ್ವವನ್ನು ಕಾಣಲಿಲ್ಲ. ಆ ತತ್ತ್ವಕ್ಕೆ ಏಳು ಮೈಲಿ ಕೊಳವೆ ಬೇಕಿಲ್ಲ. ಬೆಂಚಿನ ಕೆಳಗೊಂದು ಬಿಸಿನೀರಿನ ಕೊಳವೆ ಹಾಯಿಸಬಹುದು. ಇಲ್ಲವೇ ಕುಂಡದಡಿಯ ಮರಳಿನಲ್ಲಿ ಬೆಚ್ಚಗಿನ ವಿದ್ಯುತ್ ತಂತಿ ಹೂಳಬಹುದು, ಒದ್ದೆ ಜಾಗವಾದ್ದರಿಂದ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸ್ವಿಚ್ಚಿನ ಜೊತೆಗೆ. ಬೇರು ಬೆಚ್ಚಗಿದ್ದರೆ ಮೇಲಿನ ಗಾಳಿ ಒಂದೆರಡು ಡಿಗ್ರಿ ತಣ್ಣಗಿದ್ದರೂ ಗಿಡ ತಾಳಿಕೊಳ್ಳುತ್ತದೆ.

ನಮ್ಮ ಅಜ್ಜಿಮನೆಯ ಬಚ್ಚಲಿನಲ್ಲಿ ತಾಮ್ರದ ಹಂಡೆ ಒಳಗಿತ್ತು, ಒಲೆಯ ಬಾಯಿ ಗೋಡೆಯಾಚೆ ಹಿತ್ತಲಿಗಿತ್ತು. ಮಳೆಯಲ್ಲೂ ಅಜ್ಜಿ ಹೊರಗೆ ಹೋಗಿ ಸೌದೆ ತಳ್ಳಿ ಬರುತ್ತಿದ್ದರು. ಆ ತೊಂದರೆ ಏಕೆ ಎಂದು ಆಗ ನನಗೆ ತಿಳಿದಿರಲಿಲ್ಲ. ಒಳಗೆ ಮೀಯುತ್ತಿದ್ದ ಮಗುವಿನ ಕಣ್ಣು ಉರಿಯುತ್ತಿರಲಿಲ್ಲ, ಅಷ್ಟೇ ಅದರ ಕಾರಣ. ಈಗ ನನ್ನ ಗಾಜಿನಮನೆಯಲ್ಲೂ ಉರಿಯಿಲ್ಲ. ಟೊಮೆಟೊ ಗಿಡ ಮಾತ್ರ ಬೆಂಚಿನ ಮೇಲೆ ಕಾವಲಿಗಿದೆ, ಅದರ ಎಲೆ ಬಾಗಿಲ್ಲ.